ನಿಮಗಿದು ಗೊತ್ತೆ? ಲ್ಯಾಪ್‌ಟಾಪೇ ರೇಡಿಯೊ!

ಬೀದರ್ ಜಿಲ್ಲೆಯ ಗೋರ್ಟಾ (ಬಿ) ಗ್ರಾಮದ ಮಾಳಿಗೆ ಮೇಲೆ ಕುಳಿತು, ಆಕಾಶದಲ್ಲಿ ಹಾದುಹೋಗುವ ವಿಮಾನ ಎಷ್ಟು ಎತ್ತರದಲ್ಲಿದೆ ಎಂದು ತಿಳಿಯಬಹುದು. ಬೇಕಾದದ್ದು ಲ್ಯಾಪ್‌ಟಾಪ್, ಪೆನ್‌ಡ್ರೈವ್ ಗಾತ್ರದ ಡಾಂಗಲ್, ಒಂದು ಆಂಟೆನಾ. ಇದೇ ಸಾಫ್ಟ್‌ವೇರ್ ಡಿಫೈನ್ಡ್ ರೇಡಿಯೊ (ಎಸ್‌ಡಿಆರ್).

● ಮಾಮೂಲಿ ರೇಡಿಯೊದಲ್ಲಿ ಬಿಡಿಭಾಗಗಳು ಮಾಡುವ ಕೆಲಸದ ಬಹುಪಾಲನ್ನು ಇಲ್ಲಿ ಸಾಫ್ಟ್‌ವೇರ್ ಮಾಡುತ್ತದೆ. ಡಾಂಗಲ್ ಅಲೆಗಳನ್ನು ಸೆಕೆಂಡಿಗೆ ಸುಮಾರು 24 ಲಕ್ಷ ಸಲ ಅಳೆದು ಅಂಕಿಗಳಾಗಿಸುತ್ತದೆ.

● ಟಿ.ವಿ. ನೋಡಲೆಂದು ತಯಾರಾದ ಅಗ್ಗದ ಡಾಂಗಲ್ ಹೀಗೂ ಬಳಕೆಯಾಗಬಲ್ಲದೆಂದು ಹವ್ಯಾಸಿಗಳು 2012ರಲ್ಲಿ ತೋರಿಸಿಕೊಟ್ಟರು.

● ಮೊದಲು 88–108 ಮೆಗಾಹರ್ಟ್ಸ್‌ನ ಎಫ್‌ಎಂ ಕೇಳಿ ಕೈ ಪಳಗಿಸಿಕೊಳ್ಳಿ. ವಿಮಾನಗಳು ತಮ್ಮ ಸ್ಥಾನ, ಎತ್ತರವನ್ನು 1090 ಮೆಗಾಹರ್ಟ್ಸ್‌ನಲ್ಲಿ ಸಾರುತ್ತವೆ. ಅದನ್ನು ಹಿಡಿಯಲು ಸುಮಾರು 7 ಸೆಂ.ಮೀ. ಉದ್ದದ ತಂತಿಯೇ ಆಂಟೆನಾ ಆದೀತು.

● ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ (ಹವ್ಯಾಸಿ ರೇಡಿಯೊ) ಪ್ರಸಾರ 145.8 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತದೆ. ಹ್ಯಾಮ್‌ಗಳಿಗಾಗಿಯೇ ಇಸ್ರೊ 2005ರ ಮೇ 5ರಂದು ‘ಹ್ಯಾಮ್‌ಸ್ಯಾಟ್’ ಉಪಗ್ರಹ ಹಾರಿಸಿತ್ತು.

● ನೀವೇ ಸಂಕೇತ ಕಳುಹಿಸಲು ಪರೀಕ್ಷೆ ಪಾಸು ಮಾಡಿ, ಕೇಂದ್ರ ಸರ್ಕಾರದಿಂದ ಹ್ಯಾಮ್ ಲೈಸೆನ್ಸ್ ಪಡೆಯಬೇಕು. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಪೊಲೀಸ್, ಸೇನೆಯ ಸಂಭಾಷಣೆಗೆ ಮಾತ್ರ ಎಂದೂ ಕಿವಿಗೊಡಬೇಡಿ.