ವೃತ್ತಿ ಕಬಡ್ಡಿ: ಬೆಂಗಳೂರು ಗೆದ್ದ ಒಂದು ಆವೃತ್ತಿಯ ವಿವೇಚನೆ

ನಮ್ಮ ನಾಡಿನಲ್ಲಿ ಕಬಡ್ಡಿಯನ್ನು ಯಾರಿಗೂ ಪರಿಚಯಿಸಬೇಕಾದ ಅಗತ್ಯವಿಲ್ಲ. ಶಿವಮೊಗ್ಗ, ಭದ್ರಾವತಿಗಳ ಯಾವ ಶಾಲೆಯ ಮೈದಾನವಾದರೂ ಸರಿಯೆ, ಸುಣ್ಣದ ಪುಡಿಯ ಗೆರೆಗಳೊಳಗೆ ಏಳು ಮಂದಿಯ ಎದುರು ಏಳು ಮಂದಿ ನಿಂತರೆ ಆಟ ಸಿದ್ಧವಾಯಿತು. ಚೆಂಡು ಬೇಡ, ದಾಂಡು ಬೇಡ, ಬಲೆಯೂ ಬೇಡ. ಆದರೆ 2014ರಿಂದ ಈಚೆಗೆ ಟಿ.ವಿ. ಪರದೆಯ ಮೇಲೆ ನಮ್ಮ ಮಕ್ಕಳು ಕಾಣುತ್ತಿರುವ ಕಬಡ್ಡಿಯು ಬೇರೊಂದು ಲೋಕದ್ದು. ಪ್ರೊ ಕಬಡ್ಡಿ ಲೀಗ್ ಎಂಬ ಅಖಿಲ ಭಾರತ ವೃತ್ತಿಪಂದ್ಯಾವಳಿಯಲ್ಲಿ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವರೆಂದೂ, ಒಬ್ಬೊಬ್ಬನಿಗೆ ಕೋಟಿ ರೂಪಾಯಿ ತೆರುವರೆಂದೂ ಮಕ್ಕಳು ಮಾತನಾಡಿಕೊಳ್ಳುತ್ತಾರೆ. ಆಟದಲ್ಲಿ ಚುರುಕಾದ ಹುಡುಗನನ್ನು ಓದಿನಲ್ಲಿ ಉಳಿಸಬೇಕೋ ಆಟಕ್ಕೆ ಬಿಡಬೇಕೋ ಎಂದು ತಂದೆತಾಯಿಗಳು ಅಧ್ಯಾಪಕರನ್ನು ಕೇಳುತ್ತಾರೆ. ಉತ್ತರ ಹೇಳಬೇಕಾದವರಿಗೆ ಆ ಪಂದ್ಯಾವಳಿಯ ಸ್ವರೂಪವು ತಿಳಿದಿರಬೇಕಷ್ಟೆ. ಬೆಂಗಳೂರಿನ ಹೆಸರನ್ನು ಹೊತ್ತ ತಂಡವು ಪ್ರಶಸ್ತಿ ಪಡೆದ ಆರನೆಯ ಆವೃತ್ತಿಯನ್ನು, ಎಂದರೆ 2018ರ ಅಕ್ಟೋಬರ್ 7ರಿಂದ 2019ರ ಜನವರಿ 5ರವರೆಗೆ ನಡೆದುದನ್ನು, ಉದಾಹರಣೆಯಾಗಿ ಇಟ್ಟುಕೊಂಡು ಪ್ರಕೃತ ಲೇಖನದಲ್ಲಿ ಈ ವಿಷಯವನ್ನು ವಿವರಿಸಲು ಯತ್ನಿಸಿದ್ದೇನೆ.

ಮೊದಲು ಹೆಸರಿನ ಮಾತು. ಪಂಡಿತನಿಗೆ ಈ ಚಾಪಲ್ಯ ಸಹಜ. ಮಹಾರಾಷ್ಟ್ರದಲ್ಲಿ ಹುತುತು, ಬಂಗಾಳದಲ್ಲಿ ಹಾಡುಡು, ತಮಿಳುನಾಡಿನಲ್ಲಿ ಸಡುಗುಡು ಎಂದು ಕರೆಯಿಸಿಕೊಂಡ ಆಟವಿದು. ಈ ಹೆಸರುಗಳೆಲ್ಲ ಉಸಿರು ಕಟ್ಟಿ ನುಡಿಯುವ ಸದ್ದಿನ ಅನುಕರಣೆಗಳೆಂಬುದು ಕಿವಿಗೇ ತಿಳಿಯುತ್ತದೆ. ಕಬಡ್ಡಿ ಎಂಬುದು ತಮಿಳಿನ 'ಕೈಪಿಡಿ'ಯಿಂದ ಬಂದಿತೆಂದು ಕೆಲವರು ಹೇಳುವುದುಂಟು. ತಮಿಳಿನ 'ಪಿಡಿ'ಯೇ ಪಕಾರವು ಹಕಾರವಾಗಿ ನಮ್ಮ 'ಹಿಡಿ' ಆಗಿರುವುದರಿಂದ ಊಹೆಯೇನೋ ಆಕರ್ಷಕವಾಗಿದೆ. ಆದರೆ ಆಕರ್ಷಕವಾದುದೆಲ್ಲ ನಿರುಕ್ತವಾಗುವುದಿಲ್ಲ.

ಹೆಸರು ಉಸಿರಿನದಾದರೂ ಇಂದಿನ ಆಟವು ಗಡಿಯಾರದ್ದು. ಹಿಂದೆ ಎದುರಾಳಿಯ ಅಂಕಣಕ್ಕೆ ನುಗ್ಗಿದವನು ಎಷ್ಟು ಹೊತ್ತು ದಮ್ಮು ಹಿಡಿಯಬಲ್ಲನೋ ಅಷ್ಟು ಹೊತ್ತು ಆಡುತ್ತಿದ್ದನು. ಲೀಗಿನಲ್ಲಿ ಅವನಿಗೆ ದೊರೆಯುವುದು 30 ಸೆಕೆಂಡು ಮಾತ್ರ. ಮಣ್ಣಿನ ಬದಲು 13 ಮೀಟರ್ ಉದ್ದ, 10 ಮೀಟರ್ ಅಗಲದ ಮ್ಯಾಟು. 20 ನಿಮಿಷಗಳ ಎರಡು ಅವಧಿ. ಒಂದು ತಂಡ ಸತತವಾಗಿ ಎರಡು ಸಲ ಬರಿಗೈಯಲ್ಲಿ ಹಿಂದಿರುಗಿದರೆ ಮೂರನೆಯ ದಾಳಿಯಲ್ಲಿ ಅಂಕ ತರಲೇಬೇಕು, ಇಲ್ಲವೆ ದಾಳಿಗಾರನು ಹೊರಬೀಳಬೇಕು. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಿದ್ದು, ಅವರು ದಾಳಿಗಾರನನ್ನು ಹಿಡಿದರೆ ಒಂದಕ್ಕೆ ಬದಲು ಎರಡು ಅಂಕ. ಏಳು ಮಂದಿಯೂ ಔಟಾದರೆ ಎದುರಾಳಿಗೆ ಎರಡು ಅಂಕ ಹೆಚ್ಚುವರಿ. ಈ ನಿಯಮಗಳ ಉದ್ದೇಶ ಒಂದೇ: ಮುಂದಿರುವವನು ಕಾಲಹರಣ ಮಾಡಬಾರದು, ಹಿಂದಿರುವವನು ಕೈಚೆಲ್ಲಬಾರದು. ಪ್ರೇಕ್ಷಕನು ಕುರ್ಚಿ ಬಿಟ್ಟು ಏಳಬಾರದು ಎಂಬುದೂ ಅದರಲ್ಲಿ ಅಡಗಿದೆಯೆನ್ನಿ.

ಇನ್ನು ಲೀಗ್ ಎಂದರೇನು? ನಮ್ಮ ಹಳ್ಳಿಗಳ ಪಂದ್ಯಾವಳಿಯಲ್ಲಿ ಒಮ್ಮೆ ಸೋತ ತಂಡವು ಗಂಟುಮೂಟೆ ಕಟ್ಟುತ್ತದೆ. ಲೀಗಿನಲ್ಲಿ ಸೋತವನಿಗೂ ನಾಳೆಯುಂಟು; ಮೂರು ತಿಂಗಳ ಲೆಕ್ಕವನ್ನು ಕೂಡಿಸಿ, ಮೇಲಿನ ಸ್ಥಾನದವರನ್ನು ಕೊನೆಯ ಹಂತಕ್ಕೆ ಆರಿಸುತ್ತಾರೆ. ತಂಡಗಳೆಲ್ಲವೂ ಒಟ್ಟಾಗಿ ಊರಿಂದೂರಿಗೆ ಪ್ರಯಾಣ ಮಾಡುತ್ತ, ಒಂದೊಂದು ನಗರದಲ್ಲಿ ಕೆಲವು ದಿನ ಬೀಡುಬಿಟ್ಟು ಆಡುತ್ತವೆ. ಹಿಂದೆ ವೃತ್ತಿ ನಾಟಕ ಕಂಪನಿಗಳು ಮೊಕ್ಕಾಂ ಹೂಡುತ್ತಿದ್ದ ಕ್ರಮವನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎಂಟು ತಂಡಗಳಿಂದ ಆರಂಭವಾದ ಲೀಗ್ 2017ರಲ್ಲಿ ಹನ್ನೆರಡಕ್ಕೆ ಬೆಳೆಯಿತು. ಬ್ಯಾಸ್ಕೆಟ್‌ಬಾಲಿಗೂ ಇಂಥದೊಂದು ವೃತ್ತಿಪಂದ್ಯಾವಳಿ 2015ರಲ್ಲಿ ಹುಟ್ಟಿ, ಬೆಂಗಳೂರು ಬೀಸ್ಟ್ ಎಂಬ ತಂಡವೂ ಅದರಲ್ಲಿದ್ದು, 2017ರ ಬಳಿಕ ಅದು ನಿಂತುಹೋಯಿತು. ಕಬಡ್ಡಿ ಉಳಿದುದಕ್ಕೆ ಕಾರಣವನ್ನು ಬಹುದೂರ ಹುಡುಕಬೇಕಾಗಿಲ್ಲ. ನೋಡುವವರಲ್ಲಿ ಅರ್ಧಕ್ಕರ್ಧ ಜನ ಒಂದಲ್ಲ ಒಂದು ಕಾಲಕ್ಕೆ ಮೊಣಕಾಲು ತರಚಿಕೊಂಡು ಅದನ್ನು ಆಡಿದವರೇ ಆಗಿದ್ದರು.

ಹರಾಜು ಎಂಬ ಮಾತು ನಮ್ಮಂಥವರ ಕಿವಿಗೆ ಕಟುವಾಗಿ ಕೇಳುತ್ತದೆ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿ ಧಾರಣೆ ಕಟ್ಟುವುದನ್ನು ಕಂಡಿರುವ ನಾವು, ಮನುಷ್ಯರನ್ನೂ ಶ್ರೇಣಿಗಳಾಗಿ ವಿಂಗಡಿಸಿ ಮೂಲಬೆಲೆ ಕಟ್ಟಿ ಕೂಗುವರೆಂದರೆ ಬೆಚ್ಚುತ್ತೇವೆ. ಆದರೆ ಮಾರಾಟವಾಗುವುದು ಮನುಷ್ಯನಲ್ಲ, ಅವನ ಒಂದು ಆವೃತ್ತಿಯ ಸೇವೆ. ಪ್ರತಿಯೊಂದು ತಂಡವೂ ಗೊತ್ತುಪಡಿಸಿದ ಮೊತ್ತದೊಳಗೇ ಇಡೀ ಬಳಗವನ್ನು ಕಟ್ಟಬೇಕಾದುದರಿಂದ, ಒಬ್ಬನಿಗೆ ಬಹಳ ಕೊಟ್ಟವರು ಉಳಿದವರಿಗೆ ಕಡಿಮೆ ಕೊಡಬೇಕಾಗುತ್ತದೆ. 2018ರ ಹರಾಜಿನಲ್ಲಿ ಮೊದಲ ಬಾರಿಗೆ ಕೋಟಿಯ ಗಡಿ ದಾಟಿತು. ಮೋನು ಗೋಯತ್ ಎಂಬ ಆಟಗಾರನಿಗೆ ಹರಿಯಾಣ ಸ್ಟೀಲರ್ಸ್ ತಂಡವು 1.51 ಕೋಟಿ ರೂಪಾಯಿ ಕೊಟ್ಟಿತು; ಇರಾನಿನ ಫಜಲ್ ಅತ್ರಾಚಲಿಗೆ ಮುಂಬಯಿಯ ತಂಡವು ಒಂದು ಕೋಟಿ ಕೊಟ್ಟಿತು. ಬೆಂಗಳೂರು ಬುಲ್ಸ್ ತಂಡವು ಪವನ್ ಸೆಹ್ರಾವತ್ ಎಂಬ ದೆಹಲಿಯ ತರುಣನನ್ನು 52.8 ಲಕ್ಷಕ್ಕೆ ಪಡೆಯಿತು. ಆತನು ಹಿಂದೆ ಇದೇ ತಂಡದಲ್ಲಿದ್ದು, 2017ರಲ್ಲಿ ಗುಜರಾತಿನ ತಂಡವನ್ನು ಸೇರಿ, ಅಲ್ಲಿ ಹೆಚ್ಚಿನ ಅವಕಾಶ ದೊರೆಯದೆ ಇದ್ದವನು.

ಆ ವರ್ಷದ ಆಗಸ್ಟಿನಲ್ಲಿ ಭಾರತಕ್ಕೆ ದೊಡ್ಡ ಆಘಾತವೊಂದು ಆಗಿದ್ದಿತು. 1990ರಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಕಬಡ್ಡಿ ಸೇರಿದಂದಿನಿಂದ ಪುರುಷರ ಚಿನ್ನವು ನಮ್ಮದೇ ಆಗಿತ್ತು. 2018ರಲ್ಲಿ ಜಕಾರ್ತದಲ್ಲಿ ಇರಾನ್ ತಂಡವು ಸೆಮಿಫೈನಲಿನಲ್ಲಿಯೇ ನಮ್ಮವರನ್ನು ಸೋಲಿಸಿತು; ಮಹಿಳೆಯರೂ ಫೈನಲಿನಲ್ಲಿ ಅದೇ ದೇಶಕ್ಕೆ ಸೋತರು. ಗೆದ್ದ ಇರಾನಿ ಪುರುಷರಲ್ಲಿ ಫಜಲ್ ಮೊದಲಾದವರು ನಮ್ಮ ಲೀಗಿನಲ್ಲಿಯೇ ಆಡಿ ಪಳಗಿದವರು. ವಿದ್ಯೆಯನ್ನು ಮಾರುವ ಅಂಗಡಿ ತೆರೆದ ಮೇಲೆ ಕೊಳ್ಳುವವರ ಕುಲಗೋತ್ರ ಕೇಳುವಂತಿಲ್ಲ.

ಇಂಥ ಹಿನ್ನೆಲೆಯಲ್ಲಿ ಆರನೆಯ ಆವೃತ್ತಿಯು ಮೊದಲಾಯಿತು. ರೋಹಿತ್ ಕುಮಾರ್ ನಾಯಕತ್ವದ ಬೆಂಗಳೂರು ತಂಡವು ತನ್ನ ಗುಂಪಿನಲ್ಲಿ ಮೊದಲ ಸ್ಥಾನ ಪಡೆಯಿತು. ಪವನ್ ಒಬ್ಬನೇ ಆ ಆವೃತ್ತಿಯಲ್ಲಿ ದಾಳಿಯಿಂದ ಗಳಿಸಿದ ಅಂಕಗಳು 271. ಫೈನಲ್ ಪಂದ್ಯವು ಮುಂಬಯಿಯ ವರ್ಲಿಯಲ್ಲಿ ಗುಜರಾತ್ ಫಾರ್ಚೂನ್ ಜೈಂಟ್ಸ್ ತಂಡದ ಎದುರು. ಮೊದಲರ್ಧ ಮುಗಿದಾಗ ಗುಜರಾತು 16, ಬೆಂಗಳೂರು 9. ತಾನು ಹಿಂದಿನ ವರ್ಷ ಬಿಟ್ಟುಬಂದ ತಂಡದ ಮೇಲೆ ಪವನ್ ಉತ್ತರಾರ್ಧದಲ್ಲಿ ಎರಗಿದ ರಭಸವನ್ನು ಕಂಡವರು ಮರೆಯಲಾರರು. ನಮ್ಮ ಶಿಕಾರಿಪುರ, ಸೊರಬಗಳ ಹೋರಿಹಬ್ಬದಲ್ಲಿ ಅಖಾಡಕ್ಕೆ ಬಿಟ್ಟ ಹೋರಿಯು ಹಿಡಿಯಬಂದವರ ಕೈಗಳನ್ನು ಕೊಡವಿಕೊಂಡು ಓಡುವ ಪರಿ ಅದು. ತಂಡದ ಹೆಸರೂ ಗೂಳಿಗಳೆಂದೇ ಅಲ್ಲವೆ. ಎರಡನೆಯ ಅರ್ಧದಲ್ಲಿ ಬೆಂಗಳೂರು 29 ಅಂಕ ಗಳಿಸಿ, 38–33ರಿಂದ ಗೆದ್ದಿತು. ಆ 38ರಲ್ಲಿ 22 ಅಂಕಗಳು ಪವನನವು. 2015ರ ಫೈನಲಿನಲ್ಲಿ ಮುಂಬಯಿ ತಂಡಕ್ಕೆ 36–30ರಿಂದ ಸೋತಿದ್ದ ಬೆಂಗಳೂರಿಗೆ ಇದು ಮೊದಲ ಪ್ರಶಸ್ತಿ. 2025ರ ಹನ್ನೆರಡನೆಯ ಆವೃತ್ತಿಯವರೆಗೂ ಅದೊಂದೇ.

ಕರ್ನಾಟಕವು ಸಂಭ್ರಮಿಸಿತು, ಶಿವಮೊಗ್ಗವೂ ಸಂಭ್ರಮಿಸಿತು. ಆದರೆ ವಿವೇಚಿಸಬೇಕಾದ ಅಂಶ ಇಲ್ಲಿಯೇ ಇದೆ. ಆ ವರ್ಷ ಬೆಂಗಳೂರು ತಂಡದ ತವರು ಪಂದ್ಯಗಳು ಬೆಂಗಳೂರಿನಲ್ಲಿ ನಡೆಯಲೇ ಇಲ್ಲ, ಪುಣೆಯಲ್ಲಿ ನಡೆದವು. ಅದರ ಹಿಂದಿನ ವರ್ಷ ನಾಗಪುರದಲ್ಲಿ. ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ತಂಡವು ಹಿಂದಿರುಗಿದ್ದು ಗೆದ್ದ ಮೇಲೆ, 2019ರ ಆವೃತ್ತಿಯಲ್ಲಿ. ಗೆಲ್ಲಿಸಿದ ವೀರನು ದೆಹಲಿಯವನು. ಅದೇ ಹೊತ್ತಿನಲ್ಲಿ ನಮ್ಮ ಕರಾವಳಿಯ ಪ್ರಶಾಂತ್ ಕುಮಾರ್ ರೈ ಉತ್ತರಪ್ರದೇಶದ ತಂಡಕ್ಕೆ ಆಡುತ್ತಿದ್ದರು. ಕರಾವಳಿಯವರೇ ಆದ ಸುಕೇಶ್ ಹೆಗ್ಡೆ, ಗುಜರಾತಿನ ತಂಡವು 2017ರಲ್ಲಿ ಮೊದಲ ಸಲ ಕಣಕ್ಕಿಳಿದಾಗ ಅದರ ನಾಯಕರಾಗಿದ್ದರು. ಕರ್ನಾಟಕದ ಹಿರಿಯ ಆಟಗಾರ, ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ.ಸಿ. ರಮೇಶ್ ಅವರ ತರಬೇತಿಯಲ್ಲಿ 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡವೂ, 2024ರ ಮಾರ್ಚಿನಲ್ಲಿ ಪುಣೇರಿ ಪಲ್ಟನ್ ತಂಡವೂ ಪ್ರಶಸ್ತಿ ಗೆದ್ದವು. ದೆಹಲಿಯವನು ಬೆಂಗಳೂರಿಗೆ, ಕನ್ನಡಿಗರು ಬಂಗಾಳಕ್ಕೂ ಪುಣೆಗೂ ಕೀರ್ತಿ ತಂದರು. ಊರ ಹೆಸರು ತಂಡದ ಅಂಗಿಯ ಮೇಲಿದೆಯೆಂದ ಮಾತ್ರಕ್ಕೆ ಆ ಊರಿನ ಹುಡುಗನಿಗೆ ಬಾಗಿಲು ತೆರೆದಿದೆಯೆಂದು ಭಾವಿಸಲಾಗದು. ಮುಚ್ಚಿದೆಯೆಂದೂ ಅಲ್ಲ, ಹನ್ನೆರಡು ಬಾಗಿಲುಗಳಲ್ಲಿ ಯಾವುದಾದರೂ ತೆರೆಯಬಹುದು.

ಇದರಲ್ಲಿ ಅನ್ಯಾಯವೇನೂ ನನಗೆ ಕಾಣದು. ನಮ್ಮ ಆದಿಕವಿ ಪಂಪನಿಗೆ ಆಶ್ರಯವಿತ್ತ ಅರಿಕೇಸರಿಯ ವೇಮುಲವಾಡವು ಇಂದು ತೆಲಂಗಾಣದಲ್ಲಿದೆ. ಮುಧೋಳದ ರನ್ನನು ಗಂಗರ ಚಾವುಂಡರಾಯನ ಬಳಿ ಬೆಳೆದು, ಚಾಲುಕ್ಯ ಚಕ್ರವರ್ತಿಯ ಆಸ್ಥಾನಕ್ಕೆ ಹೋದನು. ವಿದ್ಯೆಯು ಆಶ್ರಯವನ್ನು ಅರಸಿ ನಡೆಯುವುದು ಹೊಸದಲ್ಲ. ಭೇದವಿರುವುದು ಆಶ್ರಯದ ಅವಧಿಯಲ್ಲಿ. ಅರಸನ ಆಶ್ರಯವು ಬಹುಕಾಲದ್ದು. ಲೀಗಿನ ಒಪ್ಪಂದವು ಒಂದೆರಡು ಆವೃತ್ತಿಗಳದ್ದು. 2018ರಲ್ಲಿ 52.8 ಲಕ್ಷದ ಪವನನಿಗೆ 2022ರಲ್ಲಿ ತಮಿಳ್ ತಲೈವಾಸ್ ತಂಡವು 2.26 ಕೋಟಿ ಕೊಟ್ಟಿತು. ಮೊದಲ ಪಂದ್ಯದಲ್ಲಿಯೇ ಮೊಣಕಾಲಿಗೆ ಪೆಟ್ಟಾಗಿ ಆತನು ಆ ಆವೃತ್ತಿಯನ್ನೇ ಕಳೆದುಕೊಳ್ಳಬೇಕಾಯಿತು. ಆತನಿಗೆ ರೈಲ್ವೆಯ ನೆಲೆಯಿದ್ದಿತು, ಗುಣವಾಗಿ 2023ರ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ನಾಯಕನಾಗಿ ಚಿನ್ನವನ್ನು ಮರಳಿ ತಂದನು. ಇಂಥ ನೆಲೆಯಿಲ್ಲದ ಹುಡುಗನ ಮೊಣಕಾಲಿನ ಯೋಚನೆಯನ್ನು ಯಾರು ಮಾಡಬೇಕು?

ಭದ್ರಾವತಿಯವರಿಗೆ ಈ ಪ್ರಶ್ನೆ ಬೇಗ ತಿಳಿಯುತ್ತದೆ. ಹಿಂದೆ ಆಟಗಾರನಿಗೆ ಅನ್ನ ಹಾಕುತ್ತಿದ್ದುದು ಕಾರ್ಖಾನೆ, ಬ್ಯಾಂಕು, ರೈಲ್ವೆ, ಪೊಲೀಸ್ ಇಲಾಖೆಗಳ ನೌಕರಿ. ಹಗಲು ಕೆಲಸ, ಸಂಜೆ ಅಭ್ಯಾಸ, ಆಟ ಮುಗಿದ ಮೇಲೂ ಸಂಬಳ. ಇಂದು ಅಲ್ಲಿಯ ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳು ಸಂದಿವೆ. ಕಬ್ಬಿಣದ ಕಾರ್ಖಾನೆಯ ಕೆಲಸಗಾರರ ಸಂಖ್ಯೆಯು ಹಿಂದಿನದರ ಅಲ್ಪಭಾಗಕ್ಕೆ ಇಳಿದಿದೆ. ಲೀಗಿನಲ್ಲಿ ಹನ್ನೆರಡು ತಂಡ, ತಂಡಕ್ಕೆ ಸುಮಾರು ಇಪ್ಪತ್ತು ಜನ; ಇಡೀ ದೇಶಕ್ಕೆ ಇನ್ನೂರೈವತ್ತರ ಆಸುಪಾಸಿನ ಸ್ಥಾನಗಳು, ಅವುಗಳಲ್ಲಿಯೂ ಕೆಲವು ವಿದೇಶೀಯರಿಗೆ. ಆದಕಾರಣ ಪೋಷಕರು ಕೇಳಿದರೆ ನಾನು ಹೇಳುವುದಿಷ್ಟು: ಹುಡುಗನನ್ನು ಆಡಲು ಬಿಡಿ, ಎಸ್.ಎಸ್.ಎಲ್.ಸಿ. ಬಿಡಿಸಬೇಡಿ. ಕ್ರೀಡಾಮೀಸಲಿನ ನೌಕರಿಗೂ ಅಂಕಪಟ್ಟಿ ಬೇಕು.

ದಾನಿಗಳು ಕೇಳಿದರೆ ಬೇರೆಯ ಮಾತಿದೆ. ನಮ್ಮ ಮಲೆನಾಡ ಸೆರಗಿನಲ್ಲಿ ಜೂನಿನಿಂದ ನಾಲ್ಕು ತಿಂಗಳು ಮಣ್ಣಿನ ಅಂಕಣವು ಕೆಸರುಗದ್ದೆ. ಮಣ್ಣಿನಲ್ಲಿ ಕಲಿತ ಕಾಲು ಮ್ಯಾಟಿನ ಮೇಲೆ ಬೇರೆ ರೀತಿ ನಿಲ್ಲುತ್ತದೆ, ಬೂಟು ಹಾಕಿದರೆ ತಿರುಗುವ ಕ್ರಮವೇ ಬದಲಾಗುತ್ತದೆ. ಆಯ್ಕೆಯ ದಿನ ಮೊದಲ ಬಾರಿಗೆ ಮ್ಯಾಟು ತುಳಿದವನು ಜಾರಿ ಬೀಳುವುದು ಆಶ್ಚರ್ಯವಲ್ಲ. ತಲೆಯ ಮೇಲೊಂದು ತಗಡಿನ ಮಾಡು, ಕೆಳಗೆ ಮ್ಯಾಟು, ಗೋಡೆಗೊಂದು ಗಡಿಯಾರ ಇದ್ದರೆ ವರ್ಷವಿಡೀ ಅಭ್ಯಾಸ ಸಾಗುವುದು.

ಆ ಮ್ಯಾಟಿನ ಮೇಲೆ ಹುಡುಗಿಯರಿಗೂ ಹೊತ್ತು ಗೊತ್ತುಮಾಡತಕ್ಕದ್ದು. ಲೀಗಿನವರು 2016ರಲ್ಲಿ ಮಹಿಳೆಯರಿಗಾಗಿ ಮೂರು ತಂಡಗಳ ಸ್ಪರ್ಧೆಯೊಂದನ್ನು ನಡೆಸಿದರು. ಆ ತಂಡಗಳ ಹೆಸರಿನಲ್ಲಿ ಯಾವ ಊರೂ ಇರಲಿಲ್ಲ. ಫೈನಲಿನಲ್ಲಿ ಎದುರುಬದುರಾದ ಎರಡು ತಂಡಗಳ ನಾಯಕಿಯರೂ ಕರ್ನಾಟಕದವರೇ, ಅರ್ಜುನ ಪ್ರಶಸ್ತಿ ಪಡೆದವರೇ: ಒಂದು ಕಡೆ ತೇಜಸ್ವಿನಿ ಬಾಯಿ, ಇನ್ನೊಂದು ಕಡೆ ಕಾರ್ಕಳದ ಮಮತಾ ಪೂಜಾರಿ. ತೇಜಸ್ವಿನಿಯವರ ತಂಡವು 24–23ರಿಂದ, ಎಂದರೆ ಒಂದೇ ಒಂದು ಅಂಕದಿಂದ ಗೆದ್ದಿತು. ಮರುವರ್ಷ ಆ ಸ್ಪರ್ಧೆಯು ನಡೆಯಲಿಲ್ಲ.