ಒಂದು ನಡೆ ಎಂದರೆ ಎಷ್ಟು?

'ಬಿಳಿ ಆಡಿ ಮೂರು ನಡೆಯಲ್ಲಿ ಚೆಕ್‌ಮೇಟ್' ಎಂಬ ಒಗಟು ಬಿಡಿಸಲು ಕಂಪ್ಯೂಟರ್ ಐದು ಹೆಜ್ಜೆ ಮುಂದೆ ನೋಡಬೇಕು: ಬಿಳಿಯದು ಮೂರು, ನಡುವೆ ಕಪ್ಪಿನದು ಎರಡು. ಆಟಗಾರರ ಲೆಕ್ಕದಲ್ಲಿ ಬಿಳಿ ಒಮ್ಮೆ, ಕಪ್ಪು ಒಮ್ಮೆ ಆಡಿದರೆ ಒಂದು ನಡೆ. ಕಂಪ್ಯೂಟರಿಗೆ ಕಾಯಿ ಕದಲಿದಾಗಲೆಲ್ಲ ಹೊಸ ಸ್ಥಿತಿ. ಹೀಗಾಗಿ ಒಬ್ಬರ ಪ್ರೋಗ್ರಾಂ 'ಆರು ನಡೆ' ನೋಡುತ್ತದೆ, ಇನ್ನೊಬ್ಬರದು 'ಹನ್ನೆರಡು' ಎಂದಾಗ ಎರಡೂ ನೋಡಿದ ದೂರ ಒಂದೇ ಇರಬಹುದು. ಈ ಗೊಂದಲ ತಪ್ಪಿಸಲು ಒಂದು ಪಕ್ಷದ ಒಂದು ಆಟಕ್ಕೆ 'ಪ್ಲೈ' ಎನ್ನುತ್ತಾರೆ. ಚೆಕರ್ಸ್ ಆಡುವ ಪ್ರೋಗ್ರಾಂ ಬಗ್ಗೆ ಆರ್ಥರ್ ಸ್ಯಾಮ್ಯುಯೆಲ್ 1959ರಲ್ಲಿ ಬರೆದ ಪ್ರಬಂಧದಿಂದ ಬಂದ ಮಾತು ಇದು.

ಪ್ಲೈ ಬಂದರೂ ಹಳೆಯ ಲೆಕ್ಕ ಹೋಗಲಿಲ್ಲ. ಎಂಜಿನ್ (ಚೆಸ್ ಆಡುವ ಪ್ರೋಗ್ರಾಂ) ಮತ್ತು ಪರದೆಯ ಮೇಲಿನ ಚೆಸ್ ಹಲಗೆ ಪರಸ್ಪರ ಮಾತಾಡಲು ರುಡಾಲ್ಫ್ ಹ್ಯೂಬರ್ ಮತ್ತು ಸ್ಟೆಫಾನ್ ಮೈಯರ್-ಕಾಲೆನ್ 2000ದಲ್ಲಿ ಯುಸಿಐ ಎಂಬ ಕಟ್ಟಳೆ ರೂಪಿಸಿದರು. ಅದರಲ್ಲಿ ಹುಡುಕಾಟದ ಆಳವನ್ನು ಪ್ಲೈಯಲ್ಲಿ ಹೇಳಬೇಕು, ಚೆಕ್‌ಮೇಟ್‌ನ ದೂರವನ್ನು ಮಾತ್ರ ನಡೆಗಳಲ್ಲಿ. ಒಂದೇ ಸಾಲಿನಲ್ಲಿ ಎರಡು ಅಳತೆ! ಆದರೂ ಯಾವುದು ಎಲ್ಲಿ ಎಂದು ಬರೆದಿಟ್ಟಿರುವುದರಿಂದ ಯಾರಿಗೂ ತೊಂದರೆಯಿಲ್ಲ.

ತೊಂದರೆ ಇರುವುದು ಬರೆದಿಡದ ಕಡೆ. ಇಂದಿನ ಎಂಜಿನ್‌ಗಳು ಹುರುಳಿಲ್ಲವೆಂದು ಕಂಡ ದಾರಿಗಳನ್ನು ಬೇಗ ಕೈಬಿಡುತ್ತವೆ, ಬಿಸಿಯಾದ ದಾರಿಗಳನ್ನು ಇನ್ನಷ್ಟು ಬೆನ್ನಟ್ಟುತ್ತವೆ. ಹಾಗಾಗಿ ಎರಡು ಎಂಜಿನ್‌ಗಳ 'ಆಳ 30' ಒಂದೇ ಅಲ್ಲ. 'ನೋಡ್', ಅಂದರೆ ಹುಡುಕುವಾಗ ನೋಡಿದ ಸ್ಥಿತಿಗಳ ಎಣಿಕೆಯದೂ ಇದೇ ಪಾಡು: ಹುಡುಕಾಟದ ಕೊನೆಯಲ್ಲಿ ಬರೀ ಕಾಯಿ ಹೊಡೆಯುವ ಆಟಗಳನ್ನು ಪರಿಶೀಲಿಸುವಾಗ ಸಿಗುವ ಸ್ಥಿತಿಗಳನ್ನೂ ಕೆಲವರು ಎಣಿಸುತ್ತಾರೆ, ಕೆಲವರು ಎಣಿಸುವುದಿಲ್ಲ. ಏನನ್ನು ಎಣಿಸಿದೆವು ಎಂದು ಹೇಳದೆ ಸೆಕೆಂಡಿಗೆ ಇಷ್ಟು ಲಕ್ಷ ಎಂದರೆ ಅದನ್ನು ಹೋಲಿಸಲು ಬಾರದು. ಎಂಜಿನ್ ಕೊಡುವ ಅಂಕಗಳ ಅರ್ಥವೂ ಬದಲಾಗಿದೆ. +1 ಎಂದರೆ ಒಂದು ಪದಾತಿಯಷ್ಟು ಮೇಲುಗೈ ಎಂದೇ ರೂಢಿ. 2022ರ ಕೊನೆಗೆ ಬಂದ ಸ್ಟಾಕ್‌ಫಿಶ್ 15.1 ಎಂಬ ಎಂಜಿನ್‌ನಲ್ಲಿ ಅದು ಸಮಬಲದ ಎದುರಾಳಿಯ ಮೇಲೆ ಗೆಲ್ಲುವ ಸಾಧ್ಯತೆ ಶೇ. 50 ಎಂದಾಯಿತು. ಸ್ಟಾಕ್‌ಫಿಶ್ ತಂಡ ಇದನ್ನು ಬಿಡಿಸಿ ಹೇಳಿದ್ದು ನನಗೆ ತುಂಬ ಮೆಚ್ಚುಗೆಯಾದ ಸಂಗತಿ.

ಎಲ್ಲರೂ ಒಪ್ಪಿದ ಪದದ ಬೆಲೆ ತಿಳಿಯಲು 'ಪರ್ಫ್ಟ್' ನೋಡಬೇಕು. ಆರಂಭದ ಸ್ಥಿತಿಯಿಂದ ನಿಯಮಬದ್ಧವಾಗಿ ಆಡಬಹುದಾದ ಎಲ್ಲ ದಾರಿಗಳನ್ನೂ, ಒಳ್ಳೆಯದು ಕೆಟ್ಟದು ನೋಡದೆ, ಎಣಿಸುವುದೇ ಪರ್ಫ್ಟ್. ಮೊದಲ ಪ್ಲೈಗೆ 20: ಪದಾತಿಗಳಿಗೆ ಹದಿನಾರು, ಕುದುರೆಗಳಿಗೆ ನಾಲ್ಕು. ಎರಡಕ್ಕೆ 400, ಮೂರಕ್ಕೆ 8,902, ನಾಲ್ಕಕ್ಕೆ 1,97,281, ಐದಕ್ಕೆ 48,65,609. ಪ್ರೋಗ್ರಾಂ ಯಾವ ಭಾಷೆಯಲ್ಲೇ ಬರೆದಿರಲಿ, ಎಲ್ಲಿಯೇ ಬರೆದಿರಲಿ, ಈ ಅಂಕಿಗಳಲ್ಲಿ ಒಂದೂ ಹೆಚ್ಚುಕಮ್ಮಿ ಆಗುವಂತಿಲ್ಲ.

ನಿಮ್ಮ ಪ್ರೋಗ್ರಾಂ ನಾಲ್ಕರವರೆಗೆ ಸರಿಯಾಗಿ ಹೇಳಿ, ಐದಕ್ಕೆ 48,65,351 ಎಂದಿತೆನ್ನಿ. ಕೊರತೆ 258. ಎರಡು ಮನೆ ಹಾರಿ ಪಕ್ಕಕ್ಕೆ ಬಂದ ಎದುರಾಳಿಯ ಪದಾತಿಯನ್ನು ಹೊಡೆಯುವ 'ಎನ್ ಪಾಸಾಂಟ್' ನಿಯಮವನ್ನು ನೀವು ಬರೆದೇ ಇಲ್ಲ ಎಂದು ಬಲ್ಲವರು ಆ ಅಂಕಿ ನೋಡಿಯೇ ಹೇಳಬಲ್ಲರು. ಬಿಳಿಯ ಪದಾತಿ ಐದನೆಯ ಸಾಲು ಮುಟ್ಟಲು ಎರಡು ಆಟ ಬೇಕು, ಆಮೇಲೆ ಕಪ್ಪಿನ ಪದಾತಿ ಪಕ್ಕಕ್ಕೆ ಹಾರಿ ಬರಬೇಕು. ಆದ್ದರಿಂದ ಇಂಥ ಹೊಡೆತ ಐದನೆಯ ಪ್ಲೈಗಿಂತ ಮೊದಲು ಸಾಧ್ಯವೇ ಇಲ್ಲ, ಆ ಪ್ಲೈಯಲ್ಲಿ ಸರಿಯಾಗಿ 258 ಸಲ ಬರುತ್ತದೆ. ಕಾರಣ ಇಷ್ಟು ಸುಲಭವಾಗಿ ಹೊಳೆಯದಿದ್ದರೆ, ಮೊದಲ ಇಪ್ಪತ್ತು ಆಟಗಳಲ್ಲಿ ಒಂದೊಂದರ ಎಣಿಕೆಯನ್ನೂ ಬೇರೆ ಬೇರೆ ಬರೆದು, ಸರಿಯಿರುವ ಎಂಜಿನ್‌ನದರ ಜೊತೆ ತಾಳೆ ನೋಡಬೇಕು. ಹೊಂದದ ಆಟವನ್ನು ಹಲಗೆಯ ಮೇಲೆ ಆಡಿ, ಪ್ಲೈ ಒಂದು ಇಳಿಸಿ ಮತ್ತೆ ಎಣಿಸಬೇಕು. ಹೀಗೆ ಇಳಿಯುತ್ತಾ ಹೋದರೆ ತಪ್ಪು ಹುಟ್ಟಿದ ಸ್ಥಿತಿಯೇ ಎದುರಿಗೆ ಬರುತ್ತದೆ.