ಅಮೆರಿಕದ ಪೂರ್ವಚುನಾವಣೆ: ಸಂವೃತವೋ, ವಿವೃತವೋ?

ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬುದನ್ನು ನಮ್ಮಲ್ಲಿ ಸಾಮಾನ್ಯವಾಗಿ ಪಕ್ಷದ ವರಿಷ್ಠರು ನಿರ್ಣಯಿಸುತ್ತಾರೆ. ಟಿಕೆಟ್ಟು ದೊರೆತವನನ್ನು ಒಪ್ಪುವುದು ಅಥವಾ ಬಿಡುವುದಷ್ಟೇ ಮತದಾರನ ಪಾಲಿಗೆ ಉಳಿಯುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಾದರೋ ಈ ಆಯ್ಕೆಯೂ ಬಹುಮಟ್ಟಿಗೆ ಮತದಾನದಿಂದಲೇ ನಡೆಯುತ್ತದೆ. ಅದಕ್ಕೆ ಅಲ್ಲಿಯವರು ‘ಪ್ರೈಮರಿ’ ಎನ್ನುತ್ತಾರೆ. ನಾವು ಪೂರ್ವಚುನಾವಣೆ ಎನ್ನಬಹುದು. ಪಕ್ಷದ ಧುರೀಣರ ಹಿಡಿತದಿಂದ ಈ ಅಧಿಕಾರವನ್ನು ಬಿಡಿಸಲೆಂದು ವಿಸ್ಕಾನ್ಸಿನ್ ರಾಜ್ಯವು 1903ರಲ್ಲಿ ಶಾಸನವನ್ನು ರಚಿಸಿ, ಮರುವರ್ಷ ಜನಮತದಿಂದ ಅದನ್ನು ಸ್ಥಿರಪಡಿಸಿತು. ಗವರ್ನರ್ ರಾಬರ್ಟ್ ಲಾ ಫಾಲೆಟ್ ಅವರು ಅದರ ಪ್ರೇರಕರು.

ಪಕ್ಷದ ಹೆಸರಿನಲ್ಲಿ ಮೊದಲೇ ನೋಂದಾಯಿಸಿಕೊಂಡವರಿಗೆ ಮಾತ್ರ ಪ್ರವೇಶವಿದ್ದರೆ ಅದು ಸಂವೃತ. ಯಾವ ಮತದಾರನಾದರೂ ತನಗೆ ಬೇಕೆನಿಸಿದ ಒಂದು ಪಕ್ಷದ ಆಯ್ಕೆಯಲ್ಲಿ ಭಾಗವಹಿಸಬಹುದಾದರೆ ವಿವೃತ. (ಸ್ವರಗಳಿಗೆ ವೈಯಾಕರಣರು ಹೇಳಿದ ಮಾತುಗಳನ್ನು ರಾಜಕಾರಣಕ್ಕೆ ಎರವಲು ತಂದಿದ್ದೇನೆ, ವಿದ್ವಾಂಸರು ಮನ್ನಿಸಬೇಕು.) ನ್ಯೂಯಾರ್ಕ್ ರಾಜ್ಯದ್ದು ಕಟ್ಟುನಿಟ್ಟಾದ ಸಂವೃತ ಪದ್ಧತಿ. 2016ರ ಏಪ್ರಿಲ್ 19ರಂದು ಅಲ್ಲಿ ಅಧ್ಯಕ್ಷ ಪದವಿಯ ಪೂರ್ವಚುನಾವಣೆ ನಡೆದಾಗ, ಪಕ್ಷ ಬದಲಿಸುವ ಗಡುವು 2015ರ ಅಕ್ಟೋಬರ್ 9ಕ್ಕೇ ಮುಗಿದುಹೋಗಿತ್ತು!

ಸಂವೃತಪಕ್ಷದವರ ವಾದ ಹುರುಳಿಲ್ಲದ್ದೇನೂ ಅಲ್ಲ. ಸಹಕಾರ ಸಂಘದ ಆಡಳಿತ ಮಂಡಲಿಯನ್ನು ಷೇರುದಾರನಲ್ಲದವನು ಚುನಾಯಿಸಬಹುದೆ? ಆದರೆ ಇದೇ ವಾದವು ಟೆಕ್ಸಸ್ ರಾಜ್ಯದಲ್ಲಿ ಎಂಥ ಅನ್ಯಾಯಕ್ಕೆ ಎಡೆಗೊಟ್ಟಿತೆಂಬುದನ್ನು ನೋಡಬೇಕು. ಡೆಮಾಕ್ರಟಿಕ್ ಪಕ್ಷವು ತನ್ನದು ಖಾಸಗಿ ಸಂಘವೆಂದು ಸಾರಿ, ಕಪ್ಪು ಜನಾಂಗದವರನ್ನು ಪೂರ್ವಚುನಾವಣೆಯಿಂದ ಹೊರಗಿಟ್ಟಿತು; 1935ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದಕ್ಕೆ ಸಮ್ಮತಿಸಿತು. ಅಲ್ಲಿ ಆ ಪಕ್ಷದ್ದೇ ಏಕಚಕ್ರಾಧಿಪತ್ಯ. ಪೂರ್ವಚುನಾವಣೆಯಲ್ಲಿ ಗೆದ್ದವನೇ ಗೆದ್ದವನು. ನವೆಂಬರಿನ ಮತದಾನ ಬರಿಯ ಶಾಸ್ತ್ರ. ಹ್ಯೂಸ್ಟನ್ ನಗರದ ದಂತವೈದ್ಯ ಲಾನಿ ಸ್ಮಿತ್ ಅವರು ಹೂಡಿದ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯವು 1944ರಲ್ಲಿ ತನ್ನ ತೀರ್ಪನ್ನು ತಾನೇ ತಳ್ಳಿಹಾಕಿತು. ಒಂದೇ ಪಕ್ಷ ಬೇರೂರಿದ ಸೀಮೆಯಲ್ಲಿ ಸಂವೃತ ದ್ವಾರವು ಮತದಾನದ ಹಕ್ಕನ್ನೇ ಮೊಟಕುಗೊಳಿಸುತ್ತದೆಂದು ನನ್ನ ಅಭಿಪ್ರಾಯ.

ಹಾಗೆಂದು, ಬಾಗಿಲು ತೆರೆದೊಡನೆ ಜನರು ನುಗ್ಗಿಬರುತ್ತಾರೆಂಬ ಭರವಸೆಯೂ ಇಲ್ಲ. ಕ್ಯಾಲಿಫೋರ್ನಿಯದ ಜನರು 2010ರಲ್ಲಿ ಹೊಸ ಪದ್ಧತಿಯೊಂದನ್ನು ಅಂಗೀಕರಿಸಿದರು: ಎಲ್ಲ ಪಕ್ಷಗಳ ಉಮೇದುವಾರರೂ ಒಂದೇ ಮತಪತ್ರದಲ್ಲಿ, ಮೊದಲಿಬ್ಬರು ನವೆಂಬರಿನ ಕಣಕ್ಕೆ. ಆದರೂ ಅಧ್ಯಕ್ಷ ಚುನಾವಣೆಯಿಲ್ಲದ 2014ರ ಜೂನ್ ತಿಂಗಳಲ್ಲಿ ಮತ ಹಾಕಿದವರು ನೋಂದಾಯಿತರಲ್ಲಿ ಶೇಕಡಾ 25ರಷ್ಟು ಮಾತ್ರ. ನವೆಂಬರಿನಲ್ಲಿ ಶೇಕಡಾ 42.

ಅದೇ 2014ರಲ್ಲಿ ಕಾಂಗ್ರೆಸ್ ಪಕ್ಷವು ಬೆಂಗಳೂರು ಉತ್ತರ, ದಕ್ಷಿಣ ಕನ್ನಡ ಮುಂತಾದ ಕೆಲವು ಲೋಕಸಭಾ ಕ್ಷೇತ್ರಗಳಲ್ಲಿ ಇಂಥ ಪ್ರಯೋಗವನ್ನು ನಡೆಸಿತು. ಅಲ್ಲಿ ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು ಮತ್ತು ಪ್ರತಿನಿಧಿಗಳು. ಸಾಮಾನ್ಯ ಮತದಾರರಿಗೆ ಪ್ರವೇಶವಿರಲಿಲ್ಲ.